ಕ್ಯಾಸೆಟ್ಟಿನೊಳಗಿನ ಮೋನಮ್ಮ

ಮುದನಾಳದ ಪರಿಮಳಾ ಸ್ಪ್ಯಾನಿಷ್ ಪ್ರೊಫೆಸರ್ ಅಂದರೆ, ಅದು ಭಾಷೆಯೋ ಹೊಸ ಕಾಯಿಲೆಯೋ ಊರವರಿಗೆ ತಿಳಿಯುತ್ತಿರಲಿಲ್ಲ. ಅವಳೂ ಅದನ್ನು ಹುಡುಕಿಕೊಂಡು ಹೋದವಳಲ್ಲ. ಹೈದರಾಬಾದಿನಲ್ಲಿ ಇಂಗ್ಲಿಷಿಗೆ ಸೀಟು ಸಿಗದೆ, ಖಾಲಿ ಉಳಿದದ್ದಕ್ಕೆ ಸೇರಿದಳು. ಸೇರಿದ ಮೇಲೆ ಮಾತ್ರ ಹಟ ಹಿಡಿದು ಕಲಿತಳು.

ಪಿಎಚ್.ಡಿ.ಗೆ ಅವಳು ಆರಿಸಿಕೊಂಡದ್ದು, ಸ್ಪೇನಿನ ಹಳ್ಳಿ ಹೆಂಗಸರು ಸಾವಿನ ಮನೆಯಲ್ಲಿ ಅಳುತ್ತ ಹಾಡುವ ಹಾಡು. ಹೋಲಿಸಿ ನೋಡಲು ಮನೆಯಲ್ಲೇ ಸರಕಿತ್ತು. ಹೊಲದ ಕೂಲಿಗೆ ಹೋಗುತ್ತಿದ್ದ ತಾಯಿ ಮೋನಮ್ಮನನ್ನು ಊರಲ್ಲಿ ಯಾರು ಸತ್ತರೂ ಹಾಡ್ಯಾಡಿ ಅಳಲು ಕರೆಯುತ್ತಿದ್ದರು. ಹತ್ತನೇ ವಯಸ್ಸಿಗೇ ಯಾದಗಿರಿಯ ಹಾಸ್ಟೆಲ್ ಸೇರಿದ ಪರಿಮಳಾ ಅದನ್ನು ಸರಿಯಾಗಿ ಕೇಳಿದ್ದೇ ಇಲ್ಲ. ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಟೇಪ್‌ರೆಕಾರ್ಡರ್ ಹಿಡಿದು ಬಂದಳು.

“ಸತ್ತವರಿಲ್ಲದ ಮನ್ಯಾಗ ಅಳಬಾರ್ದವ್ವ. ಯಾರ ಹೆಸರು ಹಿಡೀಲಿ?” ಅಂದಳು ಮೋನಮ್ಮ.

“ಯಾರದಾದ್ರೂ ಹಿಡಿ ಯವ್ವಾ, ಕ್ಯಾಸೆಟ್ ತಿರುಗಾಕತ್ತಾದ.”

ಬದುಕಿದ್ದ ಇನ್ನೊಬ್ಬರ ಹೆಸರು ಹೇಗೆ ಹಿಡಿದಾಳು? ಮೋನಮ್ಮ ತನ್ನದೇ ಹೆಸರು ಹಿಡಿದಳು. “ಒಲಿ ಮ್ಯಾಲ ಎಸರು ಕುದಿಯಾಕತ್ತಾದ, ಎಲ್ಲಿಗಿ ಹೋದಿ ಮೋನವ್ವಾ...” ಪ್ರತಿ ಸಾಲು ಮುಗಿದಾಗಲೂ ನಿಂತು ಮಗಳ ಮುಖ ನೋಡಿದಳು. ಮಗಳು ಟೇಪಿನ ಕೆಂಪು ದೀಪ ನೋಡುತ್ತಿದ್ದಳು.

ಮರುವರ್ಷ ಮೋನಮ್ಮ ತೀರಿಕೊಂಡಳು. ಪರಿಮಳಾ ಆಗ ಸ್ಪೇನಿನಲ್ಲಿದ್ದಳು. ಮಣ್ಣಾದ ಹನ್ನೆರಡು ದಿನಕ್ಕೆ ಪತ್ರ ಮುಟ್ಟಿತು.

ಸಾಲುಗಳ ನಡುವಿನ ಮೌನವೇ ಈ ಹಾಡಿನ ಲಯ ಎಂದು ಅವಳು ಪ್ರಬಂಧದಲ್ಲಿ ಬರೆದಳು. ಪರೀಕ್ಷಕರು ಬೆನ್ನು ತಟ್ಟಿದರು. ಅದರ ಮೇಲೆಯೇ ನೌಕರಿ, ಎರಡು ಪುಸ್ತಕ, ಪ್ರೊಫೆಸರ್ ಕುರ್ಚಿ. ವರ್ಷಕ್ಕೊಮ್ಮೆ ತರಗತಿಯಲ್ಲಿ ಆ ಹಾಡು ಕೇಳಿಸುತ್ತಿದ್ದಳು. ತಾಯಿಯ ದನಿ ಅವಳನ್ನು ಕಾಡಲಿಲ್ಲ, ಕಾಡಿದ್ದು ಆ ಮೌನ. ಬೋರ್ಡಿನ ಮೇಲೆ ಬರೆಯುವಾಗ ಬೆನ್ನ ಹಿಂದೆ ಯಾರೋ ಮಾತು ನಿಲ್ಲಿಸಿ ಕಾಯುತ್ತಿದ್ದಾರೆ ಅನಿಸುತ್ತಿತ್ತು. ತಿರುಗಿದರೆ ಹುಡುಗರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿರುತ್ತಿದ್ದರು. ಮೂವತ್ತು ವರ್ಷ ಹೀಗೇ ನಡೆಯಿತು, ಯಾರಿಗೂ ಹೇಳಲಿಲ್ಲ.

ಈ ವರ್ಷ ನಿವೃತ್ತಳಾಗಿ ಊರಿಗೆ ಬಂದಾಗ, ತಾಯಿಯ ಜೊತೆಗಾತಿ ಮಲ್ಲಾಬಾಯಿ, “ಮೋನಿ ದನಿ ಒಮ್ಮೆ ಕೇಳಸವ್ವ” ಅಂದಳು. ಕ್ಯಾಸೆಟ್ಟಿನಿಂದ ಮೊಬೈಲಿಗೆ ಇಳಿಸಿಕೊಂಡಿದ್ದ ಹಾಡನ್ನು ಪರಿಮಳಾ ಹಚ್ಚಿದಳು. ಮೊದಲ ಸಾಲು ಮುಗಿದು ಮೌನ ಬಂತು.

“ಯಾಕ ಸುಮ್ಮನ ಕುಂತಿ? ಇಲ್ಲಿ ನೀ ಅನ್ಬೇಕಲ್ಲ.”

“ನಾನಾ? ಏನನ್ಲಿ?”

“ಸತ್ತಾಕಿ ಮಗಳು ‘ಯವ್ವಾ’ ಅಂತ ದನಿ ಕೊಡ್ಬೇಕು. ಅದಕ್ಕಂತನೇ ಆಕಿ ಜಾಗ ಬಿಟ್ಟಾಳ. ದನಿ ಬರ್ಲಿಲ್ಲಂದ್ರ ಸತ್ತಾಕಿ ಕಾಯ್ಕೋತ ನಿಂದರ್ತಾಳ.”

ಪರಿಮಳಾಗೆ ನಾಚಿಕೆಯಾಯಿತು. ಎರಡನೆಯ ಮೌನ ಬಂತು. ಬಾಯಿ ತೆರೆದರೆ, ತಾಯಿಯ ಆ ಸಾಲಿಗೆ ತಾನೇ ಮಾಡಿದ್ದ ಸ್ಪ್ಯಾನಿಷ್ ಅನುವಾದ ಹೊರಬಿತ್ತು.

“ಅದಲ್ಲವ್ವ,” ಅಂದಳು ಮಲ್ಲಾಬಾಯಿ.

ಮೂರನೆಯದಕ್ಕೆ, “ಯವ್ವಾ” ಅಂದಳು. ಅದನ್ನು ಕೇಳಿಸಿಕೊಂಡವಳಂತೆ ಮೋನಮ್ಮ ಮುಂದಿನ ಸಾಲು ಎತ್ತಿಕೊಂಡಳು. ಪರಿಮಳಾ ಅಳುತ್ತ ಎಲ್ಲ ಸಾಲಿಗೂ ದನಿ ಕೊಟ್ಟಳು. ಕೊನೆಯ ಮೌನ ಉದ್ದವಾಗಿತ್ತು. ಅಲ್ಲಿಯೂ “ಯವ್ವಾ” ಅಂದಳು. ಆಗ ಫೋನಿನೊಳಗಿಂದ ಹರೆಯದ ಅವಳದೇ ದನಿ ಕೇಳಿತು:

“ಮುಗೀತಲ್ಲ? ಬಂದ್ ಮಾಡ್ಲಿ?”