ಲೇಬಲ್ ಇಲ್ಲದ ಕೋಟು

ಈ ಸಂಗತಿಯನ್ನು ಬರೆಯಬೇಕೆಂದು ಕೂತು ಎದ್ದು, ಕೂತು ಎದ್ದು, ಎಂಟು ತಿಂಗಳಾಯಿತು. ಒಮ್ಮೆ ಹೊಸ ಕನ್ನಡಕ ಬರಲಿ ಎಂದೆ, ಇನ್ನೊಮ್ಮೆ ಮನೆಗೆ ಬಣ್ಣ ಬಳಿಯುವುದು ಮುಗಿಯಲಿ ಎಂದೆ. ಕನ್ನಡಕವೂ ಬಂತು, ಗೋಡೆಗಳೂ ಬೆಳ್ಳಗಾದವು. ಇನ್ನೊಂದು ನೆಪ ಬೇಕೆಂದರೆ ಇನ್ನೊಂದು ಮನೆಯನ್ನೇ ಕಟ್ಟಿಸಬೇಕು. ಆದ್ದರಿಂದ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ನಾನು ಒಂದು ಫ್ಯಾಷನ್ ವೀಕ್‌ಗೆ ಹೋಗಿದ್ದೆ. ನನ್ನ ತಪ್ಪು ಅದಲ್ಲ, ಅದು ಮುಂದೆ ಬರುತ್ತದೆ. ಆದರೆ ದೊಡ್ಡದನ್ನು ಹೇಳುವ ಮುಂಚೆ ಸಣ್ಣದನ್ನು ಒಪ್ಪಿಕೊಂಡರೆ ಗಂಟಲು ಸ್ವಲ್ಪ ಸರಿಹೋಗುತ್ತದೆ.

ನನ್ನ ಮೊಮ್ಮಗಳು ಚೈತ್ರ ಬಟ್ಟೆ ವಿನ್ಯಾಸ ಕಲಿಸುವ ಕಾಲೇಜಿನಲ್ಲಿ ಓದುತ್ತಾಳೆ. ಹಲಸೂರು ಕೆರೆಯ ಹತ್ತಿರದ ದೊಡ್ಡ ಹೋಟೆಲೊಂದರಲ್ಲಿ ಫ್ಯಾಷನ್ ವೀಕ್ ನಡೆಯುವುದಿತ್ತು. ಅಲ್ಲಿ ಅವಳಿಗೆ ಪರದೆಯ ಹಿಂದೆ ಕೆಲಸ. ವೇದಿಕೆಯ ಮೇಲೆ ನಡೆಯಲು ಬರುವ ಹುಡುಗಿಯರಿಗೆ ಗುಂಡಿ ಹಾಕುವುದು, ಪಿನ್ನು ಚುಚ್ಚುವುದು. ಮನೆಯವರಿಗೆಂದು ಎರಡು ಪಾಸು ಸಿಕ್ಕಿದ್ದವು. ಅವಳ ಅಪ್ಪ ಅಮ್ಮನಿಗೆ ಆಫೀಸು. ನನ್ನ ಹೆಂಡತಿ ಸರೋಜ ಪಾಸನ್ನು ತಿರುಗಿಸಿ ನೋಡಿ, "ಊಟ ಹಾಕ್ತಾರಾ?" ಎಂದು ಕೇಳಿದಳು. ಹಾಕುವುದಿಲ್ಲವೆಂದು ತಿಳಿದ ಮೇಲೆ ಅವಳಿಗೆ ಮೊಣಕಾಲು ನೋವು ಶುರುವಾಯಿತು. ಉಳಿದವನು ನಾನು.

ವೀಕ್ ಎಂದು ಹೆಸರು, ನಡೆಯುವುದು ಮೂರೇ ದಿನ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ವಿಮಾನ ಕಾರ್ಖಾನೆ ಸೇರಿದವನು. ಮೂವತ್ತೇಳು ವರ್ಷ ತಪಾಸಣೆ ವಿಭಾಗದಲ್ಲಿದ್ದೆ. ಏಳು ಇರಬೇಕಾದ ಕಡೆ ಮೂರಿದ್ದರೆ ಅದಕ್ಕೊಂದು ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುವುದೇ ನನ್ನ ಕೆಲಸವಾಗಿತ್ತು. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ತಣ್ಣಗೆ ಅಳೆದು ತಪ್ಪು ಹುಡುಕುವುದು. ಅಭ್ಯಾಸವಾದರೆ ಇದಕ್ಕಿಂತ ಸುಖದ ಕೆಲಸ ಇನ್ನೊಂದಿಲ್ಲ. ತೊಂದರೆಯೆಂದರೆ, ನಿವೃತ್ತಿಯಾದ ಮೇಲೂ ಕಣ್ಣು ನಿವೃತ್ತಿಯಾಗುವುದಿಲ್ಲ. ನಮ್ಮ ಮನೆಯಲ್ಲಿ ದೋಸೆ ದುಂಡಗಿಲ್ಲವೆಂದು ನಾನು ಹೇಳಿದ ದಿನದಿಂದ ಸರೋಜ ದೋಸೆ ಹುಯ್ಯುವುದನ್ನೇ ಬಿಟ್ಟು ಉಪ್ಪಿಟ್ಟು ಮಾಡುತ್ತಿದ್ದಾಳೆ. ಉಪ್ಪಿಟ್ಟಿಗೆ ಅಳತೆಯಿಲ್ಲ.

ಪಾಸಿನ ಹಿಂದೆ ಉಡುಪಿನ ಬಗ್ಗೆ ಒಂದು ಸಾಲಿತ್ತು: ನೀವು ನೀವಾಗಿ ಬನ್ನಿ. ನಾನು ನಾನಾಗಿ ಹೋಗುವುದಾದರೆ ಲುಂಗಿ ಬನಿಯನ್ನಿನಲ್ಲಿ ಹೋಗಬೇಕು. ಚೈತ್ರಳಿಗೆ ಹೇಳಿದೆ. "ಹಂಗೇ ಬಾ ತಾತ, ಫೋಟೋ ತೆಗೆಯೋಕೆ ಕ್ಯೂ ನಿಲ್ತಾರೆ" ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲವೆಂದು ಆಮೇಲೆ ಅಲ್ಲಿಗೆ ಹೋದಾಗ ಗೊತ್ತಾಯಿತು.

ಕೊನೆಗೆ ಟ್ರಂಕಿನ ತಳದಿಂದ, ನ್ಯಾಫ್ತಲೀನ್ ಗುಳಿಗೆಗಳ ನಡುವಿನಿಂದ, ನನ್ನ ಮದುವೆಯ ಕೋಟು ಹೊರಬಂತು. ಮಾವ ಕೊಟ್ಟ ಸೂಟ್ ಪೀಸಿನಲ್ಲಿ ಹೊಲಿಸಿದ್ದು. ಬೂದು ಬಣ್ಣದ ಒಳ್ಳೆಯ ಉಣ್ಣೆ ಬಟ್ಟೆ. ಪ್ಯಾಂಟು ಎಂದೋ ಹಾಳಾಗಿ ಹೋಗಿತ್ತು, ಕೋಟು ಮಾತ್ರ ಗಟ್ಟಿಯಾಗಿತ್ತು. ತೋಳು ತೂರಿಸಿದೆ. ಬಲಗೈ ಹೋಯಿತು, ಎಡಗೈ ಅರ್ಧದಲ್ಲಿ ನಿಂತಿತು. ಗುಂಡಿಗೂ ಕಾಜಕ್ಕೂ ನಡುವೆ ನನ್ನ ಹೊಟ್ಟೆ ಒಂದು ಗೇಣು ಜಾಗ ಹಿಡಿದು ಕೂತಿತ್ತು.

"ಲೈನಿಂಗ್ ಬಿಚ್ಚಿ ನೋಡೋಣ ತಾತ. ಒಳಗೆ ಬಟ್ಟೆ ಬಿಟ್ಟಿದ್ರೆ ಅಗಲ ಮಾಡ್ಬೋದು" ಎಂದಳು ಚೈತ್ರ.

"ಬಿಟ್ಟಿರಲ್ಲ. ಅರ್ಧ ಮೀಟರ್ ನುಂಗ್ದೋನು ಅವ್ನು" ಎಂದೆ. ಐವತ್ತು ವರ್ಷದ ಹಿಂದಿನ ಮಾತು, ನಾಲಿಗೆಯ ತುದಿಯಲ್ಲೇ ಕಾದಿತ್ತು.

ಆ ‘ಅವನು’ ಶಿವಾಜಿನಗರದ ದರ್ಜಿ. ರಸೆಲ್ ಮಾರುಕಟ್ಟೆಯ ಹಿಂದಿನ ಸಂದಿಯಲ್ಲಿ, ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲಿ ನಿಲ್ಲಬೇಕಾದಂಥ ಅಂಗಡಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿದ್ದರು. ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಮದುವೆಗೆ ಮುಂಚೆ ಸೂಟ್ ಪೀಸು ಹಿಡಿದು ಹೋದಾಗ ನನಗೆ ಮೂರು ಸಲ ಅಳತೆ ತೆಗೆದರು. ನಾನು ಎದೆ ಉಬ್ಬಿಸಿ ನಿಂತಿದ್ದೆ. "ಉಸಿರು ಬಿಡಿ ಸಾಬ್. ಟೇಪಿಗೆ ಸುಳ್ಳು ಹೇಳ್ಬಾರ್ದು" ಎಂದರು.

ಕೋಟು ಚೆನ್ನಾಗಿಯೇ ಬಂತು. ಕಾರ್ಖಾನೆಯ ಗೆಳೆಯನೊಬ್ಬ ಮಾತ್ರ, "ಗುರು, ಬಟ್ಟೆ ಅಳ್ದು ಕೊಟ್ಟಿದ್ದೆ ತಾನೆ? ಮಿಕ್ಕಿದ್ರಲ್ಲಿ ಅವನ ಮಕ್ಳಿಗೆಲ್ಲ ಚಡ್ಡಿ ಆಗಿರತ್ತೆ ನೋಡು" ಎಂದ. ನನ್ನಂಥವನಿಗೆ ಇಷ್ಟು ಸಾಕು. ಆ ಸಂಜೆ ಕೋಟು ಪ್ಯಾಂಟು ಎರಡನ್ನೂ ಚಾಪೆಯ ಮೇಲೆ ಹರಡಿ, ಕಾರ್ಖಾನೆಯ ಉಕ್ಕಿನ ಸ್ಕೇಲು ಹಿಡಿದು, ತೋಳು ಬೆನ್ನು ಕಾಲರು ಎಲ್ಲವನ್ನೂ ಅಳೆದೆ. ಅವರು ಕಾಗದದಲ್ಲಿ ಕಟ್ಟಿಕೊಟ್ಟಿದ್ದ ಚೂರುಪಾರುಗಳನ್ನೂ ಅಳೆದೆ. ಅರ್ಧ ಮೀಟರು ಕಮ್ಮಿ ಬಂತು. ಎರಡು ಸಲ ಕೂಡಿಸಿದೆ, ಎರಡು ಸಲವೂ ಅಷ್ಟೇ. ನಿಜ ಹೇಳುತ್ತೇನೆ, ನನಗೆ ಬೇಸರವಾಗಲಿಲ್ಲ, ಖುಷಿಯಾಯಿತು. ತಪ್ಪು ಸಿಕ್ಕಿದಾಗ ತಪಾಸಣೆಯವನಿಗೆ ಆಗುವ ಖುಷಿ.

ಭಾನುವಾರ ಬೆಳಿಗ್ಗೆ ಕೋಟು ಹಿಡಿದು ಹೋಗಿ, ಮೂರು ಜನ ಗಿರಾಕಿಗಳ ಎದುರಿಗೆ ಲೆಕ್ಕ ಬರೆದ ಕಾಗದ ಹರಡಿದೆ.

"ಬಟ್ಟೆ ಎಲ್ಲೂ ಹೋಗಿಲ್ಲ ಸಾಬ್. ಕೋಟಲ್ಲೇ ಇದೆ."

"ಕೋಟು ಅಳ್ದೇ ಬಂದಿದೀನಿ."

"ಹೊರಗಡೆ ಅಳ್ದಿದೀರಿ."

ನನ್ನ ಲೆಕ್ಕವನ್ನೇ ಗೇಲಿ ಮಾಡುತ್ತಿದ್ದಾರೆಂದು ತಿಳಿದೆ. ಆಗ ಬಾಯಿಂದ ಬಂದದ್ದನ್ನು ಬರೆಯಲು ತಾನೇ ಈ ಎಂಟು ತಿಂಗಳು ಬೇಕಾದದ್ದು. "ನಿಮ್ ಜನಾನೇ ಇಷ್ಟು" ಎಂದೆ. ಒಳಗೆ ಓಡುತ್ತಿದ್ದ ಮಿಷನ್ನು ನಿಂತಿತು. ಅಲ್ಲಿಗೇ ಬಿಡಬಹುದಿತ್ತು, ಬಿಡಲಿಲ್ಲ. ಒಳಜೇಬಿನ ಮೇಲೆ ಅವರ ಹೆಸರಿನ ಸಣ್ಣ ಲೇಬಲ್ಲಿತ್ತು, ನೀಲಿ ಬಟ್ಟೆಯ ಮೇಲೆ ಹಳದಿ ದಾರದ ಅಕ್ಷರ. "ನಿಮ್ಮ ಹೆಸರು ನನ್ ಕೋಟಲ್ಲಿ ಬೇಡ, ಕಿತ್ ಹಾಕಿ" ಎಂದೆ.

ಅವರು ಕೋಟನ್ನು ತೊಡೆಯ ಮೇಲಿಟ್ಟುಕೊಂಡು, ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಕತ್ತರಿಸಿದರು. ನಾನು ಆತುರ ಪಟ್ಟೆ. "ಎಳೆದ್ರೆ ಬಟ್ಟೆಗೆ ಏಟು ಬೀಳತ್ತೆ ಸಾಬ್" ಎಂದರು. ಲೇಬಲ್ಲನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಕೋಟನ್ನು ಮಡಿಸಿ ಕೊಡುತ್ತ, "ಹತ್ತು ವರ್ಷ ಬಿಟ್ಟು ಬನ್ನಿ. ಆಗ ಕೆಲ್ಸ ಇರತ್ತೆ" ಎಂದರು. ನಾನು ಅದನ್ನು ಶಾಪವೆಂದುಕೊಂಡೆ. ಕಾರ್ಖಾನೆಯಲ್ಲಿ ಈ ಕತೆಯನ್ನು ವರ್ಷಗಟ್ಟಲೆ ಹೇಳಿ ಎಷ್ಟು ಟೀ ಕುಡಿದೆನೋ.

ಹತ್ತು ವರ್ಷಕ್ಕೆ ಸರಿಯಾಗಿ ಹೊಟ್ಟೆ ಬಂತು, ಕೋಟಿನ ಗುಂಡಿ ಕೂಡದಾಯಿತು. ಆ ಬೀದಿಗೆ ಹೋಗಲು ಮನಸ್ಸಾಗಲಿಲ್ಲ. ಕೋಟು ಟ್ರಂಕು ಸೇರಿತು.

ಚೈತ್ರ ಲೈನಿಂಗನ್ನು ಬಿಚ್ಚಿದಳು. ಪಕ್ಕದ ಹೊಲಿಗೆಗಳಲ್ಲಿ ಎರಡೆರಡು ಬೆರಳು, ಬೆನ್ನಿನ ನಡುವೆ ಮೂರು ಬೆರಳು, ತೋಳಿನ ಉದ್ದಕ್ಕೂ, ತೋಳಿನ ತುದಿಯಲ್ಲೂ, ಎಲ್ಲ ಕಡೆ ಬಟ್ಟೆ. ಇಸ್ತ್ರಿ ಮಾಡಿ ಮಡಿಸಿ, ಅಂಚು ಬಿಚ್ಚಿಕೊಳ್ಳದಂತೆ ಕೈಹೊಲಿಗೆ ಹಾಕಿಟ್ಟಿದ್ದರು. ಹೊರಗಿನ ಬಟ್ಟೆ ಮಾಸಿತ್ತು. ಒಳಗಿನದು ಮೊನ್ನೆ ತಂದಂತಿತ್ತು. ಈಗ ಇಪ್ಪತ್ತೈದರಲ್ಲಿರುವ ಈ ಕಡ್ಡಿ ಮನುಷ್ಯ ನಲವತ್ತರಲ್ಲಿ, ಅರವತ್ತರಲ್ಲಿ ಎಷ್ಟು ಅಗಲವಾಗುತ್ತಾನೆಂದು ಆ ಮಾಸ್ಟರ್ ಯೋಚಿಸಿ ಬಟ್ಟೆ ಬಿಟ್ಟಿದ್ದರು. ನನ್ನ ಮುಂದಿನ ದಿನಗಳ ಬಗ್ಗೆ ಅಷ್ಟು ಯೋಚಿಸಿದವರು ನಮ್ಮ ಮನೆಯಲ್ಲೇ ಯಾರೂ ಇರಲಿಲ್ಲ.

ಸರೋಜ ಹತ್ತಿರ ಬಂದು ಬಗ್ಗಿ ನೋಡಿದಳು. "ಮದುವೆ ಆದಾಗಿಂದ ಕೇಳ್ತಾನೇ ಇದೀನಿ, ಅರ್ಧ ಮೀಟರ್, ಅರ್ಧ ಮೀಟರ್ ಅಂತ. ತಗೊಳ್ಳಿ, ಸಿಕ್ತಲ್ಲ" ಎಂದು ಅಡುಗೆಮನೆಗೆ ಹೋದಳು. ಅವತ್ತು ಉಪ್ಪಿಟ್ಟಿನ ಬಗ್ಗೆಯೂ ನಾನು ಮಾತಾಡಲಿಲ್ಲ.

ಅಗಲ ಮಾಡಿದ ಕೋಟು ನನಗೆ ಸರಿಯಾಯಿತು. ಒಂದೇ ತೊಡಕು, ಮಾಸಿದ ಬೂದು ಬಣ್ಣದ ನಡುವೆ ಎರಡೂ ಕಡೆ ಕಂಕುಳಿನಿಂದ ಸೊಂಟದವರೆಗೆ ಹೊಸ ಬಟ್ಟೆಯ ಗಾಢವಾದ ಪಟ್ಟೆಗಳು ಕಾಣುತ್ತಿದ್ದವು. ಹುಲಿವೇಷ ಹಾಕಿದವನು ಬಣ್ಣ ಸಾಲದೆ ಅರ್ಧಕ್ಕೆ ನಿಂತಂತೆ. ಇಂದಿರಾನಗರದಲ್ಲಿ ಮೆಟ್ರೊ ಹತ್ತಿ ಹಲಸೂರಿನಲ್ಲಿ ಇಳಿಯುವವರೆಗೂ ಎರಡು ತೋಳುಗಳನ್ನು ಮೈಗೆ ಒತ್ತಿ ಹಿಡಿದುಕೊಂಡೇ ಹೋದೆ.

ಹೋಟೆಲಿನೊಳಗೆ ಹೋದ ಮೇಲೆ ತೋಳು ತಾನಾಗಿ ಸಡಿಲವಾಯಿತು. ಅಲ್ಲಿ ನನಗಿಂತ ವಿಚಿತ್ರವಾಗಿ ಕಾಣದವರು ಬಾಗಿಲು ಕಾಯುವವರು ಮಾತ್ರ. ಒಬ್ಬ ಪ್ಯಾಂಟಿನ ಮೇಲೆ ಪಂಚೆ ಉಟ್ಟಿದ್ದ, ಯಾವುದನ್ನು ಬಿಡಬೇಕೆಂದು ತೀರ್ಮಾನವಾಗದವನ ಹಾಗೆ. ಒಬ್ಬಾಕೆಯ ಅಂಗಿಗೆ ಮೂರು ತೋಳು. ಮೂರನೆಯದು ಯಾರಿಗೆಂದು ಕೇಳುವ ಧೈರ್ಯವಾಗಲಿಲ್ಲ. ಎಲ್ಲರೂ ನೋಡಲು ಬಂದವರೇ, ಆದರೆ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ತಮ್ಮನ್ನು ಯಾರು ನೋಡುತ್ತಿದ್ದಾರೆಂಬುದನ್ನಷ್ಟೇ ನೋಡುತ್ತಿದ್ದರು.

ಮೂರು ಗಂಟೆಯ ಕಾರ್ಯಕ್ರಮ ನಾಲ್ಕೂಕಾಲಿಗೆ ಶುರುವಾಯಿತು. ಇನ್ನೊಂದು ಕೆಂಪು ಚೀಟಿ. ಢಮಢಮ ಸದ್ದಿನೊಂದಿಗೆ ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಮನುಷ್ಯರ ನಡಿಗೆಯನ್ನು ನಾನು ಬಹಳ ಗಮನಿಸಿದ್ದೇನೆ. ಶಿಫ್ಟು ಮುಗಿದವನ ನಡಿಗೆ ಬೇರೆ, ಬಸ್ಸು ತಪ್ಪಿಸಿಕೊಂಡವನದು ಬೇರೆ, ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ, ಅಂಗಡಿಯವನು ಕರೆಯುತ್ತಾನೋ ಇಲ್ಲವೋ ಎಂದು ನಿಧಾನವಾಗಿ ಹೋಗುವವಳದು ಬೇರೆ. ಇವರದು ಯಾವುದೂ ಅಲ್ಲ. ನೆಲದ ಮೇಲೆ ಹಳೆಯ ದ್ವೇಷವಿದ್ದವರಂತೆ ಹೆಜ್ಜೆ ಹಾಕಿ ಬಂದು, ತುದಿಯಲ್ಲಿ ನಿಂತು, ನಮ್ಮೆಲ್ಲರ ಮೇಲೂ ದೂರು ಕೊಡುವಂತೆ ನೋಡಿ ತಿರುಗಿಬಿಡುತ್ತಿದ್ದರು. ಬಟ್ಟೆ ಹಾಕಿಕೊಂಡ ಸಂತೋಷ ಒಂದು ಮುಖದಲ್ಲೂ ಇರಲಿಲ್ಲ. ಒಂದು ಉಡುಪು ಗೋಣಿಯದು. ಇದೇ ಗೋಣಿಯಲ್ಲಿ ಈರುಳ್ಳಿ ತುಂಬಿಸಿಕೊಂಡು ನಾನು ಎಷ್ಟೋ ಸಲ ಬಸ್ಸು ಹತ್ತಿದ್ದೇನೆ, ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಕೊನೆಗೆ ಕೋಟುಗಳು ಬಂದವು. ಎಲ್ಲವನ್ನೂ ಒಳಮೈ ಹೊರಗೆ ಮಾಡಿ ಹೊಲಿದಿದ್ದರು. ಹೊಲಿಗೆ ಹೊರಗೆ, ಬಿಟ್ಟ ಬಟ್ಟೆ ಹೊರಗೆ, ದಾರಗಳು ಜೋಲಾಡುತ್ತಿದ್ದವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಮಾತ್ರ ಕೂತೇ ಇದ್ದೆ. ಅಲ್ಲಿಯವರೆಗೆ ಎಲ್ಲದಕ್ಕೂ ಮನಸ್ಸಿನಲ್ಲೇ ಕೆಂಪು ಚೀಟಿ ಕಟ್ಟಿಕೊಂಡು ಬಂದವನ ಕೈ ಅಲ್ಲಿ ನಿಂತುಹೋಯಿತು. ಒಳಗೆ ನೋಡಿ ಎಂದು ನನಗೆ ಯಾರೂ ಇಷ್ಟು ಜೋರಾಗಿ ಹೇಳಿರಲಿಲ್ಲ.

ಮುಗಿದ ಮೇಲೆ ಚೈತ್ರಳಿಗಾಗಿ ಕಾಯುತ್ತಿದ್ದೆ. ದೊಡ್ಡ ಕನ್ನಡಕದ ಹೆಂಗಸೊಬ್ಬರು ನೇರವಾಗಿ ನನ್ನ ಬಳಿ ಬಂದರು. "ಸರ್, ಈ ಸೈಡ್ ಪಟ್ಟೆ ಸೂಪರಾಗಿದೆ. ಒಂದ್ ನಿಮಿಷ ನೋಡ್ಲಾ?" ಎಂದು ಕಾಲರನ್ನು ಬೆರಳಲ್ಲಿ ಹಿಡಿದು ನೋಡಿದರು. "ಎಲ್ಲಾ ಕೈಹೊಲಿಗೆ. ಈಗ ಯಾರೂ ಮಾಡಲ್ಲ ಸರ್ ಇದು. ಯಾರ್ದು?" ಕೋಟಿನ ಒಳಜೇಬು ನೋಡಿದರು. ಅಲ್ಲಿ ಲೇಬಲ್ಲಿನ ಜಾಗದಲ್ಲಿ ಸೂಜಿಯ ತೂತುಗಳ ಸಣ್ಣ ಚೌಕ ಮಾತ್ರ ಇತ್ತು. "ಲೇಬಲ್ ಇಲ್ವಲ್ಲ ಸರ್?"

ಹೆಸರು ನನಗೆ ಗೊತ್ತಿತ್ತು. ಹಳದಿ ಅಕ್ಷರಗಳು ಕಣ್ಣ ಮುಂದೆಯೇ ಇದ್ದವು. "ಯಾರೋ ಶಿವಾಜಿನಗರದೋನು" ಎಂದೆ.

ಪಿನ್ನುಗಳ ಡಬ್ಬಿ ಹಿಡಿದು ಬಂದಿದ್ದ ಚೈತ್ರ ಇದನ್ನು ಕೇಳಿಸಿಕೊಂಡಿದ್ದಳು. ಮೆಟ್ರೊದಲ್ಲಿ ಕೂತ ಮೇಲೆ ಕೇಳಿದಳು. "ನಿಜವಾಗ್ಲೂ ಹೆಸ್ರು ಗೊತ್ತಿಲ್ವಾ ತಾತ?"

"ಗೊತ್ತು."

"ಮತ್ಯಾಕ್ ಹೇಳ್ಲಿಲ್ಲ?"

ಹೆಸರು ಹೇಳಿದ್ದರೆ ಲೇಬಲ್ಲು ಎಲ್ಲಿ ಹೋಯಿತೆಂದೂ ಹೇಳಬೇಕಾಗುತ್ತಿತ್ತು. ಆ ಮಾತನ್ನೂ ಅವಳಿಗೆ ಹೇಳಲಿಲ್ಲ.

ಮರುವಾರ ಕೋಟು ಹಾಕಿಕೊಂಡೇ ಶಿವಾಜಿನಗರಕ್ಕೆ ಹೋದೆ. ಮಾಸ್ಟರ್ ಅಂಗಡಿಯಲ್ಲಿ ಈಗ ಮೊಬೈಲಿನ ಕವರುಗಳು ನೇತಾಡುತ್ತಿವೆ. ಪಕ್ಕದ ಗಡಿಯಾರ ರಿಪೇರಿಯ ಮುದುಕರು ಕಣ್ಣಿನ ಭೂತಗನ್ನಡಿ ತೆಗೆದು ನನ್ನನ್ನು ನೋಡಿದರು.

"ಮಾಸ್ಟರಾ? ಹೋಗ್ಬಿಟ್ರಲ್ಲ ಸಾಬ್, ಒಂಬತ್ತು ವರ್ಷ ಆಯ್ತು. ಕೊನೇ ತನಕ ಇಲ್ಲೇ ಕೂತ್ಕೊಂಡಿದ್ರು. ಏನ್ ಕೆಲ್ಸ ಇತ್ತು?"

ನಲವತ್ತು ವರ್ಷ ಅವರು ಅಲ್ಲೇ ಕೂತಿದ್ದರು. ವಿಮಾನಪುರದ ನಮ್ಮ ಮನೆಯಿಂದ ಒಂದೇ ಬಸ್ಸು. ಅಷ್ಟು ವರ್ಷ ಮಾರುಕಟ್ಟೆಗೆ ಬಂದಾಗಲೆಲ್ಲ ನಾನು ಆ ಸಂದಿ ತಪ್ಪಿಸಿ ಸುತ್ತುಹಾಕಿ ಹೋಗಿದ್ದೆ.

"ಕೋಟು ಸ್ವಲ್ಪ ಅಗಲ ಮಾಡಿಸ್ಬೇಕಿತ್ತು" ಎಂದೆ.

ಮುದುಕರು ನನ್ನ ಮೈಮೇಲಿನ ಕೋಟನ್ನು ನೋಡಿದರು. "ಆಗಿದೆಯಲ್ಲ ಸಾಬ್" ಎಂದರು.

ಅಲ್ಲೂ ಹೇಳಲಿಲ್ಲ. ಫ್ಯಾಷನ್ ವೀಕಿನಲ್ಲಿ ನಾನು ನೋಡಿ ನಕ್ಕ ಆ ಮಂದಿಯೆಲ್ಲ ಹೊಲಿಗೆಯನ್ನು ಹೊರಗೆ ತೋರಿಸಿಕೊಂಡು ರಾಜಾರೋಷವಾಗಿ ನಡೆದು ಹೋದರು. ನನ್ನ ಒಳಮೈ ಹೊರಗೆ ಮಾಡಲು ನನಗೆ ಎಂಟು ತಿಂಗಳು ಹಿಡಿಯಿತು, ಅದೂ ಕಾಗದದ ಮೇಲೆ.

ನಿನ್ನೆ ಚೈತ್ರ ಬಿಳಿ ಬಟ್ಟೆಪಟ್ಟಿಯ ಒಂದು ತುಂಡನ್ನು ಕತ್ತರಿಸಿ ತಂದು, ಹಳೆಯ ತೂತುಗಳ ಮೇಲೆ ಇಟ್ಟು ನೋಡಿದಳು. ಅಳತೆ ಸರಿಯಾಗಿತ್ತು. "ಬರ್ಕೊಡು ತಾತ, ನಾನು ದಾರ ಹಾಕ್ತೀನಿ" ಎಂದಳು. ಬೇರೆಯವರು ಮಾಡಿದ ವಸ್ತುವಿನ ಮೇಲೆ ಮೂವತ್ತೇಳು ವರ್ಷ ನನ್ನ ಸಹಿ ಹಾಕಿದವನು ನಾನು. ಇಲ್ಲೂ ಕೆಳಗೆ ಒಂದು ಸಣ್ಣ ಸಹಿ ಹಾಕಲು ಕೈ ಹೋಯಿತು. ತಡೆದುಕೊಂಡೆ. ಪೆನ್ಸಿಲಿನಲ್ಲಿ ದುಂಡಗೆ ಬರೆದದ್ದು ಇಷ್ಟೇ:

ಅಬ್ದುಲ್ ವಾಜಿದ್, ಟೈಲರ್, ಶಿವಾಜಿನಗರ.