ನಾಲ್ಕನೇ ಗ್ಲಾಸು

"ತೊಳದ ಇಟ್ಟೇನ್ರಿ, ಫಳಫಳ ಹೊಳಿಯಾಕತ್ತೈತಿ!"

ಅತ್ತಿಗೆ ಹೀಗೆಂದಾಗ ನಾನು ಅಡುಗೆಮನೆಗೆ ಓಡಿದೆ. ಕಳೆದ ಶನಿವಾರ ನಾನು ಇಂಡಿಯಿಂದ ಬಸ್ಸು ಹಿಡಿದು ಚಡಚಣದ ಹತ್ತಿರದ ಅಣ್ಣನ ತೋಟಕ್ಕೆ ಹೋದದ್ದೇ ಆ ಸೀಸೆಗಾಗಿ. ಪೋರ್ಚುಗಲ್ಲಿನ ಸಿಹಿ ದ್ರಾಕ್ಷಿ ಮದ್ಯ, ಪೋರ್ಟ್. ಅದರಲ್ಲೂ ವಿಂಟೇಜ್: ಒಂದೇ ಒಳ್ಳೆಯ ವರ್ಷದ ಹಣ್ಣಿನಿಂದ ಮಾಡಿ, ಸೀಸೆಯಲ್ಲೇ ಮಾಗಲು ಬಿಟ್ಟದ್ದು. ಅಣ್ಣನ ಮಣೂಕ, ಅಂದರೆ ಒಣದ್ರಾಕ್ಷಿ, ಕೊಳ್ಳುವ ವ್ಯಾಪಾರಿ ಪ್ರೀತಿಯಿಂದ ತಂದುಕೊಟ್ಟಿದ್ದ. ಲೇಬಲ್ಲಿನ ಮೇಲೆ ಅಣ್ಣನ ಮಗಳು ಹುಟ್ಟಿದ ವರ್ಷ. (ಅವಳಿಗೀಗ ಎರಡು ಮಕ್ಕಳು.)

ಇಂಥ ಸೀಸೆಯ ತಳದಲ್ಲಿ ಗಸಿ ಕೂತಿರುತ್ತದೆ. ಅಲುಗಿಸಲೇಬಾರದು, ಕದಡಿ ರುಚಿ ಕೆಡುತ್ತದೆ. ಅತ್ತಿಗೆ? ನೆಂಟರ ಮುಂದೆ ಧೂಳು ಹಿಡಿದ ಸೀಸೆ ಇಡುವುದುಂಟೇ ಎಂದು ಸೋಪು ಹಚ್ಚಿ ತಿಕ್ಕಿ, ಉಪ್ಪಿನಕಾಯಿ ಸೀಸೆಗಳ ಜೊತೆ ಬುಟ್ಟಿಯಲ್ಲಿ ಬೋರಲು ಹಾಕಿದ್ದರು!

"ಬಟ್ಟಿಲೆ ಸೋಸಿ ಕುಡದ್ರಾತು ಬಿಡವಾ" ಎಂದ ಅಣ್ಣ ನನಗೆ.

"ಏನೂ ಬ್ಯಾಡ್ರಿ. ನಾ ಕೆಡಿಸೇನಿ, ನಾನ ಸರಿ ಮಾಡ್ತೇನಿ."

ಅತ್ತಿಗೆ ಸೀಸೆಯನ್ನು ಕತ್ತಲೆ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದರು. ಮರುದಿನ ಸಂಜೆವರೆಗೆ ಯಾರನ್ನೂ ಹತ್ತಿರ ಸುಳಿಯಗೊಡಲಿಲ್ಲ. ನಾನೂ ಅಲ್ಲೇ ಉಳಿದೆ.

ಭಾನುವಾರ ವ್ಯಾಪಾರಿಯೂ ಬಂದ. ಅತ್ತಿಗೆಯೇ ಸೀಸೆ ಎತ್ತಿ ಸಾವಕಾಶ ಜಗ್ಗಿಗೆ ಬಗ್ಗಿಸಿದರು. ಗಸಿ ಕೆಳಗೇ ಉಳಿಯಿತು. ಅಣ್ಣ ಮೂರು ಗ್ಲಾಸು ಇಟ್ಟ: ತನಗೆ, ವ್ಯಾಪಾರಿಗೆ, ನನಗೆ. (ನಾನು ಪೇಪರಿಗೆ ಬರೆಯುವವಳಲ್ಲವೇ, ಹೆಂಗಸರ ಲೆಕ್ಕಕ್ಕೆ ಬರುವುದಿಲ್ಲ!)

ಅತ್ತಿಗೆ ಒಳಗೆ ಹೋದರು. ಮುನಿಸೇ? ಅಲ್ಲ. ಇನ್ನೊಂದು ಗ್ಲಾಸು ತಂದು ಟಕ್ಕನೆ ಇಟ್ಟರು.

"ಏ, ಹೆಣ್ಮಕ್ಕಳು ಕುಡೀತಾರೇನ?" ಎಂದ ಅಣ್ಣ.

"ದ್ರಾಕ್ಷಿ ಗೊನಿ ಗೊನಿ ಹಿಡದ ಒಣಗಸೂ ಔಷಧದಾಗ ಅದ್ದಾಕ ಹೆಣ್ಮಕ್ಕಳು ಬೇಕು. ಶೆಡ್ಡಿನ್ಯಾಗ ಮಣೂಕ ಆರಸಾಕ ಹೆಣ್ಮಕ್ಕಳು ಬೇಕು. ರುಚಿ ನೋಡಾಕ ಅಷ್ಟ ಬ್ಯಾಡೇನ್ರಿ? ಹಾಕ್ರಿ. ನಾ ನೋಡಾಕಿನ."

ವ್ಯಾಪಾರಿ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಅಣ್ಣ ಸುರಿದ. ನನಗೆ ಎಷ್ಟು ಖುಷಿಯಾಯಿತೆಂದರೆ, ನನ್ನ ಗ್ಲಾಸು ಮುಟ್ಟುವುದನ್ನೇ ಮರೆತೆ!

ನೆನಪಾಗಿ ನಾನೂ ಒಂದು ಗುಟುಕು ಕುಡಿದೆ. ಮೊದಲು ಸಿಹಿ. ಆಮೇಲೆ ಅಂಜೂರ, ಕಾಸಿದ ಬೆಲ್ಲ. ಕೊನೆಗೆ ಸಣ್ಣ ಒಗರು. ನುಂಗಿದ ಮೇಲೂ ರುಚಿ ಬಾಯಿ ಬಿಟ್ಟು ಹೋಗುವುದಿಲ್ಲ. ಅತ್ತಿಗೆ ಕಣ್ಣು ಮುಚ್ಚಿ, ಬಾಯಲ್ಲೇ ಹೊರಳಾಡಿಸಿ, ನಿಧಾನಕ್ಕೆ ನುಂಗಿದರು.

"ನಮ್ಮ ಮಣೂಕಕ್ಕ ವಯಸ್ಸಾಗಿ ಶಾಣ್ಯಾತನ ಬಂದಂಗೈತಿ ನೋಡ್ರಿ!"

ಸೀಸೆಯೊಳಗಿನ ದ್ರಾಕ್ಷಿ ಮಾಗಲು ಇಷ್ಟು ವರ್ಷ ಬೇಕಾಯಿತು, ಸರಿ. ಆ ನಾಲ್ಕನೇ ಗ್ಲಾಸನ್ನು ನಾವೇ ಇಡಲು ಇನ್ನೆಷ್ಟು ವರ್ಷ ಮಾಗಬೇಕಿತ್ತು?