ಅಡುಗೆಮನೆಯಲ್ಲಿ ಯಾರದೋ ಉಸಿರು

ಇದು ೨೦೦೯ರ ಮಾತು. ನಮ್ಮ ಯಜಮಾನರು ತೀರಿಹೋಗಿ ವರ್ಷ ತುಂಬಿರಲಿಲ್ಲ. ಸೊಸೆ ಸುಮ ಕೊಪ್ಪದ ನಮ್ಮ ಬಾಡಿಗೆ ಮನೆಯಲ್ಲೇ ಕೇಕು ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳು. ಕಲಿತದ್ದೆಲ್ಲ ಕಂಪ್ಯೂಟರಿನಲ್ಲಿ. ಅವಳಂಥ ಸಣ್ಣ ವ್ಯಾಪಾರದವರು ಬೇರೆ ಬೇರೆ ಊರುಗಳಿಂದ ಸಂಜೆ ಅದರಲ್ಲಿ ಸೇರಿ, ಮಾತಾಡುತ್ತಲೇ ಒಬ್ಬರಿಗೊಬ್ಬರು ಕೆಲಸ ಹೇಳಿಕೊಡುತ್ತಿದ್ದರು. ಮುಖವಿಲ್ಲ, ದನಿ ಮಾತ್ರ.

ಒಂದು ಸಂಜೆ ಮೊಟ್ಟೆ ಮುಗಿಯಿತೆಂದು ಸುಮ ಪೇಟೆಗೆ ಹೊರಟಳು. "ಅತ್ತೆ, ಕಂಪ್ಯೂಟರಲ್ಲಿ ಧಾರವಾಡದ ಅಕ್ಕ ಬಂದ್ರೆ ಸ್ವಲ್ಪ ಮಾತಾಡ್ತಿರಿ" ಅಂದಳು. ಕಂಪ್ಯೂಟರು ಅಡುಗೆಮನೆಯಲ್ಲೇ ಇತ್ತು. ಪಕ್ಕದ ತೊಟ್ಟಿಲಲ್ಲಿ, ಇನ್ನೂ ಕೂರಲು ಬಾರದ ಮೊಮ್ಮಗಳು ಮಲಗಿದ್ದಳು.

"ಅಜ್ಜಿ, ಆರಾಮ್ರೀ?"

"ಎಂತ ಆರಾಮ ಮಾರಾಯ್ತಿ, ಕಿವಿನೇ ಕೇಳದಿಲ್ಲ. ಜೋರಾಗಿ ಹೇಳು."

ಆಕೆ ನಕ್ಕಳು.

"ಅಜ್ಜಿ, ನಿಮ್ಮ ಹಿಂದ ಯಾರದಾರ್ರೀ?"

"ಯಾರೂ ಇಲ್ವಲ್ಲೇ."

"ಯಾರೋ ಉಸರ ಬಿಡಾಕತ್ತಾರ್ರೀ."

ಉಬ್ಬಸದಲ್ಲಿ ನರಳಿದ ಯಜಮಾನರ ಮಂಚ ಅಲ್ಲೇ, ಈಗ ಸುಮಳ ಒಲೆ ಇದ್ದ ಜಾಗದಲ್ಲೇ ಇತ್ತು. ತಿರುಗಿ ನೋಡಿದೆ. ಮಬ್ಬುಗತ್ತಲೆ, ಮತ್ತೇನಿಲ್ಲ.

"ನಮ್ಮೆಜಮಾನರೇ ಇರ್ಬೇಕು. ತಡಿ, ದೀಪ ಹಚ್ತೀನಿ" ಎಂದು ಬೆಂಕಿಪೊಟ್ಟಣ ತೆಗೆದೆ.

"ಅಜ್ಜಿ, ಇದು ಮನಷ್ಯಾರ ಉಸರಲ್ಲ. ಒಳಗ ಎಳ್ಕೊಳ್ಳವಲ್ದು. ಬರೇ ಬಿಡಾಕತ್ತೈತಿ!" ಮರುಗಳಿಗೆ ಚೀರಿದಳು: "ದೀಪ ಹಚ್ಚಬ್ಯಾಡ್ರಿ! ಗ್ಯಾಸ್! ಕೂಸಿನ್ನ ಎತ್ಕೊಂಡು ಹೊರಗ ಓಡ್ರಿ!"

ಮುಸ್ಸಂಜೆಯಲ್ಲಿ ದೀಪ ಹಚ್ಚಬೇಡ ಅನ್ನುವ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆ ದನಿಯೇ ದೆವ್ವವೇನೋ ಅನ್ನಿಸಿತು. ಆದರೂ ಕೈ ತಾನಾಗಿ ಮಗುವನ್ನು ಬಾಚಿಕೊಂಡಿತು.

ಅಂಗಳಕ್ಕೆ ಓಡಿ ಕೂಗಿದೆ. ಪಕ್ಕದ ಮನೆಯ ಟೈಲರ್ ಇಬ್ರಾಹಿಂ ಓಡಿಬಂದು ಸಿಲಿಂಡರ್ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆರೆದ. ಇಲಿ ರಬ್ಬರ್ ಪೈಪು ಕಡಿದಿತ್ತು.

"ಎಂತ ಅಜ್ಜಿ, ಬಾಗಿಲ ತನಕ ನಾರ್ತಿದೆ, ನಿಮ್ಗೆ ಗೊತ್ತೇ ಆಗ್ಲಿಲ್ವಾ?"

"ಮೂಗಿನ ತುಂಬ ನಶ್ಯ ಇತ್ತಲ್ಲ ಮಾರಾಯ!"

ವಾಸನೆ ಹೋದ ಮೇಲೆ, ಪೇಟೆಯಿಂದ ಬಂದು ಅಳುತ್ತಿದ್ದ ಸುಮಳ ಜೊತೆ ಕಂಪ್ಯೂಟರಿನ ಮುಂದೆ ಕೂತೆ. ಅಕ್ಕ ಅಲ್ಲೇ ಕಾಯುತ್ತಿದ್ದಳು. ನಾವು ಬಾಯಿ ತೆರೆಯುವ ಮೊದಲೇ ಅಂದಳು: "ಇನ್ನೂ ಉಸರ ಕೇಳಾಕತ್ತೈತಿ."

ನಾನು ಮತ್ತೆ ಒಲೆಯ ಕಡೆ ತಿರುಗಿ ನೋಡಿದೆ.

"ಆದ್ರ ಅಜ್ಜಿ, ಇದು ಒಳಗೂ ಎಳ್ಕೊಳ್ಳಾಕತ್ತೈತಿ."

ಏನೂ ಅರಿಯದ ಮೊಮ್ಮಗಳು ನನ್ನ ಹೆಗಲ ಮೇಲೆ ಮಲಗಿ ಗೊರಗುಟ್ಟುತ್ತಿದ್ದಳು!

ಆ ಅಕ್ಕನ ಮುಖ ನಾನು ಇವತ್ತಿಗೂ ನೋಡಿಲ್ಲ. ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ, ಮನೆ ತುಂಬ ಅವಳದೇ ಗಲಾಟೆ. ದೀಪ ಹಚ್ಚುವ ಮೊದಲು ಅವಳನ್ನು ಹತ್ತಿರ ಕರೆದು, ಒಂದು ಗಳಿಗೆ ಸುಮ್ಮನಿರಿಸಿ, ಅವಳ ಎದೆಗೆ ಕಿವಿಯಾನಿಸುತ್ತೇನೆ. ಒಳಗೆ, ಹೊರಗೆ. ಒಳಗೆ, ಹೊರಗೆ. ಆಮೇಲೇ ಕಡ್ಡಿ ಗೀರುವುದು.